ಅರ್ಧ ದಂಟು

ಸೆಲರಿಯ ಬಗ್ಗೆ ನನಗೆ ಯಾವತ್ತೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ನೋಡಲು ದಂಟಿನ ಸೊಪ್ಪಿಗೆ ಅಣ್ಣನ ಹಾಗಿರುತ್ತದೆ. ಹುಳಿಗೆ ಹಾಕಿದರೆ ಬೇಳೆಯ ಜೊತೆ ಹೊಂದುವುದಿಲ್ಲ, ಪಲ್ಯ ಮಾಡಿದರೆ ಔಷಧಿಯ ವಾಸನೆ. ಐರ್ಲೆಂಡಿನ ಈ ಡನ್‌ಡಾಕ್ ಊರಿಗೆ ಬಂದ ಹೊಸದರಲ್ಲಿ ಒಮ್ಮೆ ಮೋಸ ಹೋಗಿ ಒಂದು ಕಟ್ಟು ತಂದಿದ್ದೆ. ಅವತ್ತು ನನ್ನ ಗಂಡ ಮಧುಸೂದನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೊಸರನ್ನ ಕಲಸಿಕೊಂಡರು. ಹೀಗಿರುವಾಗ, ಎರಡು ಸಾವಿರದ ಇಪ್ಪತ್ತರ ರಾಜ್ಯೋತ್ಸವದ ದಿನ ಐರ್ಲೆಂಡಿನ ಕನ್ನಡಿಗರ ಎದುರು 'ನನ್ನ ಬಾಲ್ಯದ ತಿಂಡಿ' ಅಂತ ತೋರಿಸಲು ನನ್ನ ಮಗಳು ಆರಿಸಿಕೊಂಡದ್ದು ಅದನ್ನೇ.

ಆ ವರ್ಷ ಹಾಲ್ ಇಲ್ಲ, ಊಟ ಇಲ್ಲ, ಧ್ವಜ ಹಿಡಿದು ಫೋಟೋ ಇಲ್ಲ. ಕೊರೊನಾ ಎರಡನೇ ಸಲ ಏರಿ, ಮನೆಯಿಂದ ಐದು ಕಿಲೋಮೀಟರಿನ ಆಚೆ ಹೋಗಬಾರದು, ಯಾರ ಮನೆಯ ಒಳಗೂ ಕಾಲಿಡಬಾರದು ಎಂಬ ಕಟ್ಟುಪಾಡು. ಹಾಗಾಗಿ ಹಬ್ಬವನ್ನೂ ಝೂಮ್‌ನಲ್ಲೇ ಮಾಡುವುದೆಂದಾಯಿತು. ಡಬ್ಲಿನ್ನಿನ ಟಾಲಾದಲ್ಲಿರುವ ದ್ರಾಕ್ಷಾಯಿಣಿ ಇಂಥದ್ದಕ್ಕೆಲ್ಲ ಮುಂದೆ ನಿಲ್ಲುವ ಹೆಂಗಸು. ಫೋನ್ ಮಾಡಿದಳು.

"ವೇದಾ, ಈ ಸಲ ಇಲ್ಲೇ ಬೆಳೆದ ಮಕ್ಕಳು ಮಾತಾಡ್ಲಿ. ತಾವು ಚಿಕ್ಕೋರಿದ್ದಾಗ ತಿಂತಿದ್ದ ಒಂದು ತಿಂಡಿ ತೋರ್ಸೋದು, ಅದರ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತು ಹೇಳೋದು. ನಿಮ್ಮ ಐಶ್ವರ್ಯಾ ಎಲ್ಲರಿಗಿಂತ ದೊಡ್ಡೋಳು, ಅವಳದ್ದು ಕೊನೇಗಿರ್ಲಿ."

ನಾನು ಅವತ್ತೇ ಅಕ್ಕಿ ಹಿಟ್ಟು, ಓಮ, ಒಣ ಕೊಬ್ಬರಿ ತೆಗೆದಿಟ್ಟೆ. ಕೋಡುಬಳೆ ಅಂತ ಮನಸ್ಸಿನಲ್ಲೇ ತೀರ್ಮಾನ ಆಗಿತ್ತು. ಮಗಳು ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬ ನೋಡಿ, ಯಾಕೆ ಅಂತ ಕೇಳಿದಳು. ಹೇಳಿದೆ.

"ಕೋಡುಬಳೆ ನಿನ್ನ ಬಾಲ್ಯ ಅಮ್ಮ, ನನ್ನದಲ್ಲ," ಅಂದಳು. ಹೇಳಿದ್ದು ಇಂಗ್ಲಿಷಿನಲ್ಲಿ, ಅದೂ ಡನ್‌ಡಾಕಿನ ಎಳೆತದ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. "ನಾನು ತಿಂದು ಬೆಳೆದದ್ದು ಬ್ರೀಜ್ ಮನೆಯ ಸೆಲರಿ. ಸುಳ್ಳು ಯಾಕೆ ಹೇಳಲಿ?"

"ಸುಳ್ಳು ಹೇಳು ಅಂದೋರು ಯಾರು? ನೀನು ಕೋಡುಬಳೆ ತಿಂದೇ ಇಲ್ವಾ?"

"ತಿಂದಿದ್ದೀನಿ. ಅದು ಗ್ರ್ಯಾಂಡ್. ಆದರೆ ಅದರ ಬಗ್ಗೆ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ."

ಮಧುಸೂದನ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಮಗು ಹೇಳೋದ್ರಲ್ಲಿ ನ್ಯಾಯ ಐತೆ ಬಿಡು," ಅಂದರು. ಚನ್ನಪಟ್ಟಣದವರಿಗೆ ನ್ಯಾಯ ಹೇಳುವ ಚಟ ಜಾಸ್ತಿ. ನಾನು ಹಿಟ್ಟಿನ ಡಬ್ಬ ಮುಚ್ಚಿಟ್ಟೆ, ಮುಚ್ಚಳ ಸ್ವಲ್ಪ ಜೋರಾಗಿಯೇ ಬಡಿಯಿತು.

ಬ್ರೀಜ್ ಯಾರು ಅಂತ ಹೇಳಬೇಕು. ನಮ್ಮ ಹಿಂದಿನ ಬೀದಿಯಲ್ಲಿರುವ ವಿಧವೆ, ಈಗ ಎಂಬತ್ತು ದಾಟಿದವರು. ಇಲ್ಲಿ ಚೈಲ್ಡ್‌ಮೈಂಡರ್ ಅನ್ನುತ್ತಾರೆ, ಬೇರೆಯವರ ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವರು. ಐಶುಗೆ ಒಂದು ವರ್ಷ ತುಂಬಿದಾಗಿನಿಂದ ಅವಳು ಹೈಸ್ಕೂಲಿಗೆ ಸೇರುವವರೆಗೂ ನೋಡಿಕೊಂಡವರು ಅವರೇ. ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ ಮಧ್ಯೆ ಎದ್ದು, ನನ್ನ ಮಗಳು ಕಾಯುತ್ತಿದ್ದಾಳೆ ಅಂತ ಹೊರಡುವ ಕೆಲಸವಲ್ಲ ಅದು. ಈ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ, ಯಾರಾದರೂ ನನ್ನಿಂದ ಅದನ್ನು ನಿರೀಕ್ಷಿಸಿದರೆ ರೇಗುತ್ತದೆ. ಗಂಡಸರನ್ನು ಯಾರೂ ಅದನ್ನು ಕೇಳುವುದಿಲ್ಲ.

ಬ್ರೀಜ್ ಹುಡುಗಿಯಾಗಿದ್ದಾಗ ಅಮೆರಿಕದ ಬಾಸ್ಟನ್ನಿನಲ್ಲಿ ಯಾರದೋ ಮನೆಯ ಮಕ್ಕಳನ್ನು ನೋಡಿಕೊಂಡಿದ್ದರಂತೆ. ಅಲ್ಲಿ ಕಲಿತು ಬಂದ ತಿಂಡಿ ಇದು. ಸೆಲರಿ ದಂಟನ್ನು ತೊಳೆದು ಗೇಣುದ್ದ ಕತ್ತರಿಸುವುದು. ಅದರ ಒಳಮೈ ದೋಣಿಯ ಹಾಗಿರುತ್ತದಲ್ಲ, ಅದರ ತುಂಬ ಪೀನಟ್ ಬಟರ್ ಸವರುವುದು. ಮೇಲೆ ಸಾಲಾಗಿ ಒಣದ್ರಾಕ್ಷಿ. ಮರದ ದಿಮ್ಮಿಯ ಮೇಲೆ ಇರುವೆ ಹರಿದ ಹಾಗೆ ಕಾಣುತ್ತದೆಂದು ಮಕ್ಕಳು ಇದಕ್ಕೆ ಇರುವೆಯ ಹೆಸರನ್ನೇ ಇಟ್ಟಿದ್ದಾರೆ. ನಮ್ಮಲ್ಲಿ ತಿಂಡಿಗೆ ಇರುವೆ ಹತ್ತಿದರೆ ಬಿಸಿಲಿಗಿಟ್ಟು ಓಡಿಸುತ್ತೇವೆ. ಎಣ್ಣೆಯಲ್ಲಿ ಕರಿದದ್ದಲ್ಲ, ಸಕ್ಕರೆ ಸುರಿದದ್ದಲ್ಲ, ಕಡಲೆಕಾಯಿಯ ಸತ್ವ, ಸೊಪ್ಪಿನ ನಾರು. ಡಾಕ್ಟರಾಗಿ ನಾನು ಅದರಲ್ಲಿ ಒಂದು ತಪ್ಪನ್ನೂ ಹುಡುಕಲಾರೆ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಬ್ರೀಜ್ ಮೇಲೆ ನನಗಿದ್ದ ದೂರುಗಳು ಎರಡೇ. ಒಂದು, ನಾನು ಸಂಜೆ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದು "ಇವತ್ತು ಹೇಗಿದ್ದಳು?" ಅಂತ ಕೇಳಿದರೆ ಬರುತ್ತಿದ್ದ ಉತ್ತರ, "ಗ್ರ್ಯಾಂಡ್." ಚೆನ್ನಾಗಿದೆ, ಏನೂ ತೊಂದರೆಯಿಲ್ಲ ಅನ್ನುವುದಕ್ಕೆ ಇಲ್ಲಿಯ ಮಾತು. ಜ್ವರ ಬಂದಿದ್ದರೂ ಗ್ರ್ಯಾಂಡ್, ಬಿದ್ದು ಮಂಡಿ ಕಿತ್ತುಕೊಂಡಿದ್ದರೂ ಗ್ರ್ಯಾಂಡ್. ಈ ದೇಶದವರು ಆ ಒಂದು ಪದದಲ್ಲಿ ಮದುವೆಯನ್ನೂ ಮುಗಿಸುತ್ತಾರೆ, ತಿಥಿಯನ್ನೂ ಮುಗಿಸುತ್ತಾರೆ. ಎರಡನೆಯದು ಐಶುವಿನ ಕಾರ್ಡಿಗನ್. ಮಗುವಿನ ಕಾರ್ಡಿಗನ್ನಿನ ಕೆಳ ಅಂಚು ಯಾವಾಗ ನೋಡಿದರೂ ಜಿಡ್ಡು. ಒಗೆದಷ್ಟೂ ಮತ್ತೆ ಜಿಡ್ಡು. ತಿಂದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳಬಾರದು ಅಂತ ಒಂದು ಮಾತು ಹೇಳಲಾಗುವುದಿಲ್ಲವೇ ಈ ಹೆಂಗಸಿಗೆ ಅಂತ ಬಟ್ಟೆ ಒಗೆಯುವ ಯಂತ್ರದ ಮುಂದೆ ಎಷ್ಟು ಸಲ ಗೊಣಗಿದ್ದೇನೋ. ಎದುರಿಗೆ ಹೇಳುವ ಧೈರ್ಯ ಇರಲಿಲ್ಲ. ಅವರು ಇಲ್ಲದಿದ್ದರೆ ನಾನು ಕೆಲಸಕ್ಕೆ ಹೋಗುವ ಹಾಗಿರಲಿಲ್ಲವಲ್ಲ.

ಕೋಡುಬಳೆ ಅಂದಕೂಡಲೇ ನನ್ನ ಕಣ್ಣ ಮುಂದೆ ನನ್ನ ಅಮ್ಮ ಬರುತ್ತಾಳೆ, ಮೈಸೂರಿನ ಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಹಿಟ್ಟು ಹೊಸೆಯುತ್ತಾ. ಮುಂದೆ ಐಶುಗೆ ನನ್ನ ವಯಸ್ಸಾದಾಗ, ಅವಳ ಬಾಲ್ಯದ ತಿಂಡಿ ಅಂದಕೂಡಲೇ ಯಾರು ಬರುತ್ತಾರೆ? ಬ್ರೀಜ್ ಬರುತ್ತಾರೆ. ಆ ತಟ್ಟೆಯ ಹತ್ತಿರ ನಾನು ಎಲ್ಲೂ ಇಲ್ಲ. ಹೊಟ್ಟೆ ಉರಿಯಿತು ಅಂತ ಹೇಳಲು ನನಗೆ ನಾಚಿಕೆಯಿಲ್ಲ, ಉರಿಯಿತು. ನಾನು ಹೆತ್ತೆ, ನಾನು ದುಡಿದೆ, ಅ ಆ ಇ ಈ ತಿದ್ದಿಸಿದೆ, ಸ್ತೋತ್ರ ಕಲಿಸಿದೆ. ಅಕ್ಷರ ಮರೆತಳು, ಸ್ತೋತ್ರ ಮರೆತಳು. ಉಳಿದದ್ದು ಸೆಲರಿ.

ಅದೂ ಯಾವ ಹೊತ್ತಿನಲ್ಲಿ ನೋಡಿ. ಮಾರ್ಚಿನಿಂದ ನಾನು ಮನೆಯಲ್ಲಿದ್ದೂ ಇಲ್ಲದವಳು. ಉಸಿರಾಡಲಾಗದವರ ಗಂಟಲಿಗೆ ನಳಿಕೆ ಇಳಿಸುವವರು ನಾವೇ ಆದ್ದರಿಂದ, ಸೋಂಕನ್ನು ಮನೆಗೆ ಹೊತ್ತು ತಂದರೆ ಎಂಬ ಭಯ. ಚಿಕ್ಕ ಕೋಣೆಯಲ್ಲಿ ಮಲಗುತ್ತಿದ್ದೆ, ನನ್ನ ತಟ್ಟೆ ಬೇರೆ, ಲೋಟ ಬೇರೆ, ಮನೆಯೊಳಗೂ ಮಾಸ್ಕು. ಐಶುಗೆ ಶಾಲೆಯ ಕೊನೆಯ ಪರೀಕ್ಷೆಯೇ ನಡೆಯಲಿಲ್ಲ, ಅಂದಾಜು ಅಂಕ ಕೊಟ್ಟು ಕಳಿಸಿದರು. ಡಬ್ಲಿನ್ನಿನ ಕಾಲೇಜಿಗೆ ಸೇರಿ, ಆ ಕಾಲೇಜನ್ನು ಒಮ್ಮೆಯೂ ನೋಡದೆ ಮಹಡಿಯ ಮೇಲೆ ಪಾಠ ಕೇಳುತ್ತಿದ್ದಳು. ಒಂದೇ ಸೂರಿನಡಿ ಇದ್ದು ಮಗಳ ತಲೆ ಸವರಿ ತಿಂಗಳುಗಳಾಗಿದ್ದವು.

ಅವಳ ಯೋಜನೆ ನನ್ನ ಸಿಟ್ಟಿಗೆ ಇನ್ನೊಂದು ಸೌದೆ ಇಟ್ಟಿತು. ಬ್ರೀಜ್ ವಸಂತದಿಂದಲೂ ಮನೆಯೊಳಗೇ ಕೂತವರು, ಐಶುವೇ ವಾರಕ್ಕೊಮ್ಮೆ ಸಾಮಾನು ತಂದು ಅವರ ಬಾಗಿಲಲ್ಲಿ ಇಟ್ಟು ಬರುತ್ತಿದ್ದಳು. ಈಗ ಬ್ರೀಜ್ ಕಿಟಕಿಯ ಒಳಗೆ, ಐಶು ಹೊರಗೆ ನಿಂತು, ಇಬ್ಬರೂ ಒಟ್ಟಿಗೆ ತಿಂಡಿ ಮಾಡಿ ತೋರಿಸುವುದಂತೆ. ಫೋನ್ ಹಿಡಿಯಲು ಒಬ್ಬರು ಬೇಕು. ಅಪ್ಪನ ಕೈ ನಡುಗುತ್ತದೆ.

"ನಿಂದು ಆಪರೇಷನ್ ಥಿಯೇಟರ್ ಕೈ ಅಮ್ಮ. ಪ್ಲೀಸ್," ಅಂದಳು.

ಇನ್ನೊಬ್ಬಳು ಹೆಂಗಸು ನನ್ನ ಮಗಳಿಗೆ ಏನು ತಿನ್ನಿಸಿ ಬೆಳೆಸಿದಳು ಅಂತ ಊರಿಗೆಲ್ಲ ತೋರಿಸಲು ನಾನೇ ಫೋನ್ ಹಿಡಿದು ನಿಲ್ಲಬೇಕು. ಒಲ್ಲೆ ಅನ್ನಬಹುದಿತ್ತು. ಅವಳ 'ಪ್ಲೀಸ್' ಕೇಳಿ ಹೂಂ ಅಂದೆ.

ನವೆಂಬರ್ ಒಂದು ಭಾನುವಾರವಾಗಿತ್ತು. ಮಧ್ಯಾಹ್ನ ಮಳೆ ಬರುತ್ತಿದೆಯೋ ಇಲ್ಲವೋ ತಿಳಿಯದ ಹಾಗೆ ತುಂತುರು. ರಾಜ್ಯೋತ್ಸವ ಅಂತ ನಾನು ಹಳದಿ ಮೈಸೂರು ಸಿಲ್ಕ್ ಉಟ್ಟು, ಮೇಲೆ ರೇನ್‌ಕೋಟ್ ಹಾಕಿಕೊಂಡಿದ್ದೆ. ಬ್ರೀಜ್ ಮನೆಯ ಮುಂದಿನ ಕಿಟಕಿಗೆ ಐಶು ಒಂದು ಮಡಚುವ ಮೇಜು ಒರಗಿಸಿದಳು. ಒಳಗೆ ಬ್ರೀಜ್ ಮೇಜು ಎಳೆದುಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ನೀಲಿ ಕಾರ್ಡಿಗನ್ ಹಾಕಿಕೊಂಡು ಸಿದ್ಧರಾಗಿ ಕೂತಿದ್ದರು. ಕಿಟಕಿಯ ಮೇಲಿನ ಸಣ್ಣ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು, ಮಾತು ಕೇಳಲು. ಅವರಿಗೆ ಕಿವಿ ಮಂದ, ಹಾಗಾಗಿ ಅವರ ದನಿ ಬೀದಿಗೆಲ್ಲ ಕೇಳುತ್ತಿತ್ತು.

ಫೋನಿನಲ್ಲಿ ಬೇರೆ ಮಕ್ಕಳ ಸರದಿ ನಡೆಯುತ್ತಿತ್ತು. ಸ್ಯಾಂಟ್ರಿಯ ಹುಡುಗನೊಬ್ಬ ನಿಪ್ಪಟ್ಟು ತೋರಿಸಿದ. ಇನ್ನೊಂದು ಪುಟ್ಟ ಹುಡುಗಿ, ತನ್ವಿ, ಚಕ್ಕುಲಿ ತೋರಿಸಿ ಅಜ್ಜಿಯನ್ನು ನೆನೆದಳು. ಆ ಚಕ್ಕುಲಿ ಪೊಟ್ಟಣದ್ದೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಎಷ್ಟು ಚೆನ್ನಾಗಿ ಹೇಳಿದಳು ಅಂತ ಎಲ್ಲರೂ ಕೊಂಡಾಡಿದರು, ನಾನು ಮಾಸ್ಕಿನೊಳಗೆ ಹಲ್ಲು ಕಚ್ಚಿಕೊಂಡೆ.

"ಈಗ ಡನ್‌ಡಾಕ್‌ನಿಂದ ಐಶ್ವರ್ಯಾ," ಅಂದಳು ದ್ರಾಕ್ಷಾಯಿಣಿ.

ಮಗಳು ಮಾಸ್ಕ್ ಇಳಿಸಿ ಕೈ ಮುಗಿದಳು. "ಎಲ್ಲರಿಗೂ ನಮಸ್ಕಾರ. ಇವ್ರು ಬ್ರೀಜ್. ನಾನು ಚಿಕ್ಕೋಳಿದ್ದಾಗ ನನ್ನ ನೋಡ್ಕೊಂಡ್ರು. ನಾನು ಸ್ಕೂಲಿಂದ ಬಂದಾಗ ಶೂ ಎಲ್ಲಾ ಒದ್ದೆ. ಬ್ರೀಜ್ ಶೂನ ರೇಡಿಯೇಟರ್ ಹತ್ರ ಇಡ್ತಾರೆ. ನಾನು ಅಲ್ಲೇ ನೆಲದ ಮೇಲೆ ಕೂತ್ಕೋತೀನಿ. ಬ್ರೀಜ್ ನನ್ಗೆ ಇದು ಕೊಡ್ತಾರೆ. ಇದರ ಹೆಸರು, ಮರದ ಮೇಲೆ ಇರುವೆ." ಅವಳ ಕನ್ನಡ ಎಡವುತ್ತಾ ಬರುತ್ತಿತ್ತು. ಆದರೂ ಯಾರೂ ಹೇಳಿಕೊಡದೆ ಇಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. "ಇದು ತಿನ್ನುವಾಗ ತುಂಬಾ ಶಬ್ದ ಬರ್ತದೆ. ಕರ್ ಕರ್ ಅಂತ. ಆ ಶಬ್ದದಲ್ಲಿ ಹೊರಗೆ ಮಳೆ ಕೇಳಲ್ಲ. ಅದಕ್ಕೇ ನನ್ಗೆ ಇಷ್ಟ."

ಗಾಜಿನ ಆಚೆ ಬ್ರೀಜ್, ಈಚೆ ಐಶು. ಇಬ್ಬರೂ ಒಂದೇ ಸಲ ಚಾಕು ಎತ್ತಿದರು. ಒಂದೇ ರೀತಿ ದಂಟಿನ ಬೆನ್ನಿನ ನಾರು ಎಳೆದರು, ಒಂದೇ ರೀತಿ ಪೀನಟ್ ಬಟರ್ ತುಂಬಿ ಚಾಕುವಿನ ತುದಿಯಿಂದ ಅಂಚು ಒರೆಸಿದರು. ಬ್ರೀಜ್‌ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು, ದ್ರಾಕ್ಷಿ ಇಡಲು ಹೊತ್ತು ಹಿಡಿಯಿತು. ಐಶು ಕಾದಳು. ಚೆಂದವಾಗಿತ್ತು, ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು. ಆ ಗಾಜಿನ ಎರಡು ಬದಿಯಲ್ಲೂ ನನಗೆ ಜಾಗ ಇರಲಿಲ್ಲ, ಕೈ ಮಾತ್ರ ಅಲುಗದೆ ಫೋನ್ ಹಿಡಿದಿತ್ತು.

ಆಗ ಬ್ರೀಜ್ ಒಂದು ಕೆಲಸ ಮಾಡಿದರು. ತುಂಬಿಸಿದ ದಂಟನ್ನು ಕೈಗೆತ್ತಿಕೊಂಡು, ನೀಲಿ ಕಾರ್ಡಿಗನ್ನಿನ ಕೆಳ ಅಂಚನ್ನು ಮೇಲಕ್ಕೆಳೆದು, ದಂಟಿನ ನಡುಭಾಗಕ್ಕೆ ಸುತ್ತಿದರು. ಬಟ್ಟೆಯ ಮೇಲಿಂದಲೇ ಕಟಕ್ಕನೆ ಕಚ್ಚಿದರು. ಆಮೇಲೆ ಬಟ್ಟೆ ಬಿಡಿಸಿ, ಎರಡಾದ ದಂಟಿನ ಒಂದು ತುಂಡನ್ನು ಗಾಜಿಗೆ ಹಿಡಿದರು. ಈಚೆಗೆ ಐಶು ತನ್ನ ಸ್ವೆಟರಿನ ಅಂಚಿನಲ್ಲಿ ಅದನ್ನೇ ಮಾಡಿದಳು.

ಫೋನಿನೊಳಗೆ ದ್ರಾಕ್ಷಾಯಿಣಿ, "ಅಯ್ಯೋ, ಇದು ಗುಬ್ಬಿ ಎಂಜಲು ಕಣ್ರೀ," ಅಂದಳು. ಮ್ಯೂಟಿನಲ್ಲಿದ್ದವರೆಲ್ಲ ಬಾಯಿ ಬಿಟ್ಟರು. ಚೌಕ ಚೌಕದಲ್ಲೂ ನಗು. "ನಾವು ಪೆಪ್ಪರ್‌ಮೆಂಟ್ ಹೀಗೇ ತಿಂತಿದ್ವಿ," ಅಂತ ಒಬ್ಬರು. "ಲಂಗದ ಅಂಚೆಲ್ಲಾ ಅಂಟಂಟು, ಅಮ್ಮನ ಹತ್ರ ಒದೆ," ಅಂತ ಇನ್ನೊಬ್ಬರು. ಮನೆಯಲ್ಲಿ ಕೂತು ನೋಡುತ್ತಿದ್ದ ಮಧುಸೂದನ, "ಆಯಮ್ಮಂಗೆ ಇದನ್ನ ಯಾರು ಹೇಳ್ಕೊಟ್ರು?" ಅಂತ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ನನ್ನ ಆಪರೇಷನ್ ಥಿಯೇಟರ್ ಕೈ ಫೋನನ್ನು ಓರೆ ಮಾಡಿಬಿಟ್ಟಿತು.

ನಾನು ಕಿಟಕಿಗೆ ಹತ್ತಿರವಾಗಿ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಬ್ರೀಜ್ ನಕ್ಕರು. "ಇವಳೇ. ನಾಲ್ಕು ವರ್ಷದವಳು ನನಗೆ ಪಾಠ ಮಾಡಿದಳು. ನಾನು ಚಾಕುವಿನಲ್ಲಿ ಅರ್ಧ ಮಾಡಿ ಕೊಡುತ್ತೇನೆ ಅಂದರೆ ಬೇಡ. ಹಂಚಿಕೊಂಡು ತಿನ್ನುವುದನ್ನು ಹೀಗೇ ಮುರಿಯಬೇಕು, ಬಟ್ಟೆ ಅಡ್ಡ ಇದ್ದರೆ ಗಲೀಜಲ್ಲ, ನನ್ನ ಮಮ್ಮಿ ಹೇಳಿದ್ದಾಳೆ ಅಂತ. ಇದನ್ನು ನಿನ್ನ ದೇಶದ ದೊಡ್ಡ ಶಾಸ್ತ್ರ ಅಂತ ತಿಳಿದಿದ್ದೆ ನಾನು."

ನಾನು ಯಾವಾಗ ಹೇಳಿದ್ದೆ? ನೆನಪಿಗೆ ಬಂದದ್ದು ಕಾರು. ಮೈಸೂರಿನಿಂದ ಅಕ್ಕ ಕಳಿಸುತ್ತಿದ್ದ ಕಡಲೆಮಿಠಾಯಿ. ಬೆಳಿಗ್ಗೆ ಮಗುವನ್ನು ಬೆಲ್ಟ್ ಹಾಕಿ ಕೂರಿಸುವಾಗ ದುಪಟ್ಟಾದ ಅಂಚಿನಲ್ಲಿ ಸುತ್ತಿ ಕಚ್ಚಿ ಅರ್ಧ ಅವಳ ಬಾಯಿಗೆ, ಅರ್ಧ ನನ್ನ ಬಾಯಿಗೆ. ಅದನ್ನು ಕಲಿಸುವುದು ಅಂತ ನಾನು ಅಂದುಕೊಂಡೇ ಇರಲಿಲ್ಲ. ಕೂರಿಸಿ ಕಲಿಸಿದ್ದೆಲ್ಲ ಹೋಗಿ, ಬೆಲ್ಟ್ ಹಾಕುವ ಅವಸರದಲ್ಲಿ ಮಾಡಿದ್ದು ಉಳಿದುಬಿಟ್ಟಿತ್ತು.

ಐಶು ತನ್ನ ಕೈಯಲ್ಲಿದ್ದ ಎರಡು ತುಂಡುಗಳನ್ನು ಕ್ಯಾಮೆರಾಕ್ಕೆ ಹಿಡಿದಳು. "ಇದು ಹಾಫ್ ನನ್ಗೆ," ಅಂದಳು. "ಇದು ಹಾಫ್ ಅಮ್ಮಂಗೆ. ಯಾವಾಗ್ಲೂ."

"ನಂಗೆ ಯಾವತ್ತು ಕೊಟ್ಟೆ ನೀನು?" ಅಂದೆ. ನಲವತ್ತು ಮನೆಯವರು ಕೇಳುತ್ತಿದ್ದಾರೆಂಬುದು ಮರೆತೇಹೋಗಿತ್ತು.

ಉತ್ತರ ಕೊಟ್ಟದ್ದು ಬ್ರೀಜ್. ನನ್ನ ಕನ್ನಡ ಅವರಿಗೆ ತಿಳಿಯಲಿಲ್ಲ, ಮುಖ ತಿಳಿಯಿತೇನೋ. "ದಿನಾ ಅರ್ಧ ನಿನಗೆ ಅಂತ ಎತ್ತಿಡಿಸುತ್ತಿದ್ದಳು. ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ. ನೀನು ಬರುವ ಹೊತ್ತಿಗೆ ಇವಳು ಸೋಫಾದ ಮೇಲೆ ನಿದ್ದೆ. ನೀನು ಇವಳನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿಗೆ ಓಡುತ್ತಿದ್ದೆ. ಸೆಲರಿ ಬೆಳಗಿನವರೆಗೆ ಇಟ್ಟರೆ ಜೋತುಬೀಳುತ್ತದೆ. ಬಿಸಾಡಲು ಮನಸ್ಸು ಬರದೆ ನಾನು ತಿನ್ನುತ್ತಿದ್ದೆ. ಬೆಳಿಗ್ಗೆ ಬಂದು ಕೇಳಿದರೆ, ಮಮ್ಮಿ ತಿಂದಳು ಅಂತ ಹೇಳುತ್ತಿದ್ದೆ. ನಿನ್ನ ಪಾಲನ್ನು ಅಷ್ಟು ವರ್ಷ ತಿಂದವಳು ನಾನು, ವೇದಾ."

"ನೀವು ನನಗೆ ಒಂದು ದಿನವೂ ಹೇಳಲಿಲ್ಲ."

"ಹೇಗೆ ಹೇಳಲಿ? ಬಾಗಿಲಲ್ಲಿ ನಿಂತ ನಿನ್ನ ಮುಖ ನೋಡಿದರೆ ಇನ್ನೊಂದು ಮಾತಿನ ಭಾರ ಹೊರುವ ಹಾಗೆ ಕಾಣುತ್ತಿರಲಿಲ್ಲ. ಅದಕ್ಕೇ, ಗ್ರ್ಯಾಂಡ್ ಅಂದು ಕಳಿಸುತ್ತಿದ್ದೆ."

ಕಾರ್ಡಿಗನ್ನಿನ ಅಂಚಿನ ಜಿಡ್ಡು ನನಗೆ ಆಗ ನೆನಪಾಯಿತು. ಬಿಸಿನೀರು, ಸೋಪು, ಬ್ರಶ್ಶು. ನನ್ನ ಪಾಲನ್ನು ಮುರಿದ ಗುರುತನ್ನು ನಾನೇ ಕೈಯಾರೆ ಉಜ್ಜಿ ಉಜ್ಜಿ ತೆಗೆಯುತ್ತಿದ್ದೆ, ಬೈಯುತ್ತಾ. ಅಳು ಬಂತು. ಡಾಕ್ಟರಾದ ಮೇಲೆ ಜನರ ಎದುರು ಅತ್ತವಳಲ್ಲ ನಾನು, ಅವತ್ತು ಬೀದಿಯಲ್ಲಿ ನಿಂತು ಅತ್ತೆ.

ಐಶು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಒರಗಿಸಿಟ್ಟಳು. ಅರ್ಧ ದಂಟನ್ನು ನನ್ನ ಕಡೆಗೆ ಚಾಚಿದಳು. ನಾನು ಹಿಂದೆ ಸರಿದೆ, ಮಾರ್ಚಿನಿಂದ ರೂಢಿಯಾದ ಹಾಗೆ.

"ಬಟ್ಟೆ ಅಡ್ಡ ಇತ್ತಲ್ಲ ಅಮ್ಮ," ಅಂದಳು.

ಮಾಸ್ಕ್ ಇಳಿಸಿ ತೆಗೆದುಕೊಂಡೆ. ಆದರೆ ಒಬ್ಬಳೇ ತಿನ್ನಲು ಮನಸ್ಸಾಗಲಿಲ್ಲ. ರೇನ್‌ಕೋಟಿನ ಗುಂಡಿ ಬಿಚ್ಚಿ, ಸೀರೆಯ ಸೆರಗು ಎಳೆದು, ದಂಟಿಗೆ ಸುತ್ತಿ ಕಚ್ಚಿದೆ. ಹಳದಿ ರೇಷ್ಮೆಯ ಮೇಲೆ ಪೀನಟ್ ಬಟರಿನ ಎಣ್ಣೆ ಹರಡಿತು. ಮುರಿದ ಒಂದು ತುಂಡನ್ನು ಐಶುಗೆ ಕೊಡಲು ಕೈ ಮುಂದಾಯಿತು, ಅಲ್ಲೇ ನಿಂತಿತು. ಅವಳ ಎಂಜಲು ನನಗಾಗಬಹುದು, ಆಸ್ಪತ್ರೆಯಿಂದ ಬರುವ ನನ್ನ ಬಾಯಿ ಮುಟ್ಟಿದ್ದು ಅವಳಿಗಾಗದು. ಬ್ರೀಜ್‌ಗಂತೂ ಆಗಲೇ ಆಗದು. ಯಾವ ಬಟ್ಟೆ ಎಷ್ಟು ತಡೆಯುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ತುಂಡನ್ನು ಗಾಜಿಗೆ ಹಿಡಿದೆ. ಆಚೆಯಿಂದ ಬ್ರೀಜ್ ತಮ್ಮ ತುಂಡನ್ನು ಅದೇ ಜಾಗಕ್ಕೆ ತಂದು ತಾಗಿಸಿದರು. ಆಮೇಲೆ ಮೂವರೂ ಒಟ್ಟಿಗೆ ಬಾಯಿಗೆ ಹಾಕಿಕೊಂಡೆವು.

ಸೆಲರಿಗೆ ಈಗಲೂ ಔಷಧಿಯ ವಾಸನೆಯೇ. ನಾರು ಹಲ್ಲಿಗೆ ಸಿಕ್ಕಿಕೊಂಡಿತು. ಮಗಳು ಹೇಳಿದ್ದು ಮಾತ್ರ ನಿಜ, ಆ ಕರ್ ಕರ್ ಸದ್ದಿನಲ್ಲಿ ಮಳೆ ಕೇಳಿಸಲಿಲ್ಲ, ಫೋನಿನಲ್ಲಿ ಯಾರು ಏನು ಹೇಳುತ್ತಿದ್ದರೋ ಅದೂ ಕೇಳಿಸಲಿಲ್ಲ.

ಬ್ರೀಜ್ ಗಾಜಿನ ಆಚೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ತಿಂಡಿ ಹೇಗಿದೆ ಎಂದು ಕೇಳಿದರು. ಹೇಳುವುದು ಬೇಕಾದಷ್ಟಿತ್ತು. ಆದರೆ ಎಂಬತ್ತು ದಾಟಿದ ಆ ಹೆಂಗಸು, ನಾವು ಮನೆಗೆ ಹೋದ ಮೇಲೆ ಆ ಮೇಜನ್ನು ಒಬ್ಬರೇ ಒರೆಸಬೇಕಾಗಿತ್ತು. ಇನ್ನೊಂದು ಮಾತಿನ ಭಾರ ಹೊರುವ ಹಾಗೆ ಕಾಣಲಿಲ್ಲ.

"ಗ್ರ್ಯಾಂಡ್," ಅಂದೆ.